ಒಂದನೇ ‘ಸಿ’ಯಲ್ಲಿ ಉಡುಪಿ ಪದ್ಧತಿ

ಏಕನಾಥರು ಮೂವತ್ತೊಂದು ವರ್ಷ ದಿಲ್ಲಿಯ ಕರೋಲ್ ಬಾಗ್‌ನ ಉಡುಪಿ ಹೋಟೆಲೊಂದರಲ್ಲೇ ಇದ್ದರು. ಸಪ್ಲಾಯರ್ ಆಗಿ ಸೇರಿ, ಬೆಳಗಿನ ಸಪ್ಲಾಯರುಗಳಿಗೆಲ್ಲ ಮುಖ್ಯಸ್ಥರಾಗಿ, ಕೊನೆಗೆ ಮಂಡಿ ಹಿಡಿದುಕೊಂಡು ಹೊರಗೆ ಬಂದರು. ಮನೆಯಿದ್ದ ಜನಕಪುರಿಗೆ ಹೊಸದಾಗಿ ಮೆಟ್ರೋ ಬಂದಿದ್ದ ವರ್ಷ ಅದು. ಮಗ ಶ್ರವಣ್, “ಅಪ್ಪಾ, ಇನ್ನು ಮನೆಯಲ್ಲಿ ಆರಾಮಾಗಿರಿ,” ಎಂದ. ಏಕನಾಥರು ಆರಾಮಾಗಿರಲು ಪ್ರಾಮಾಣಿಕವಾಗಿ ಪ್ರಯತ್ನಪಟ್ಟರು. ಆದರೆ ಹೋಟೆಲನ್ನು ಅವರು ಬಿಟ್ಟಿದ್ದರೇ ಹೊರತು ಹೋಟೆಲಿನ ಬೆಳಗು ಅವರನ್ನು ಬಿಟ್ಟಿರಲಿಲ್ಲ.

ಬೆಳಕು ಹರಿಯುವಷ್ಟರಲ್ಲಿ ಊಟದ ಮೇಜು ಒರೆಸಿ, ನಾಲ್ಕು ಕುರ್ಚಿಗಳ ಮುಂದೆ ನಾಲ್ಕು ಲೋಟ ನೀರಿಟ್ಟು, ಹೆಗಲ ಮೇಲೊಂದು ಬಟ್ಟೆ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಡುತ್ತಿದ್ದರು.

“ಯಾರು ಬರ್ತಾರೆ ಅಂತ ಹೀಗೆ ನಿಂತದ್ದು?” ಎಂದು ಹೆಂಡತಿ ಇಂದಿರಮ್ಮ ಕೇಳುತ್ತಿದ್ದರು.

“ಯಾರೂ ಬರುವುದಿಲ್ಲ. ಆದ್ರೆ ಬಂದ್ರೆ?”

ಶ್ರವಣನಿಗೆ ಏಳು ಗಂಟೆಗೆ ನೋಯ್ಡಾದ ಆಫೀಸಿನ ಕ್ಯಾಬು. ಅವನ ಕೊನೆಯ ತುತ್ತು ಬಾಯಿಗೆ ಹೋಗುವ ಮೊದಲೇ ತಟ್ಟೆ ಮಾಯವಾಗಿ ಮೇಜು ಒರೆಸಿರುತ್ತಿತ್ತು. ಒಂದು ದಿನ ಅವನು ಅರ್ಧ ದೋಸೆ ಕೈಯಲ್ಲಿ ಹಿಡಿದುಕೊಂಡೇ ಕ್ಯಾಬು ಹತ್ತಿದ.

ಈ ಕಥೆ ಶುರುವಾದದ್ದು ಜುಲೈ ಮೊದಲ ವಾರದಲ್ಲಿ. ಸೊಸೆ ಸ್ನೇಹಲತಾ ಮನೆಯ ಹತ್ತಿರದ ಖಾಸಗಿ ಶಾಲೆಯೊಂದರಲ್ಲಿ ಒಂದನೇ ‘ಸಿ’ ತರಗತಿಯ ಟೀಚರು. ಏಪ್ರಿಲಿನಲ್ಲಿ ಸೇರಿದ್ದಳು, ಇನ್ನೂ ಕಾಯಂ ಆಗಿರಲಿಲ್ಲ. ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೂರನೆಯ ದಿನ ಮಧ್ಯಾಹ್ನ ಮನೆಗೆ ಬಂದವಳೇ ಬ್ಯಾಗನ್ನು ಸೋಫಾದ ಮೇಲೆ ಎಸೆದು ಅಳತೊಡಗಿದಳು.

“ನಲವತ್ತೆರಡು ಮಕ್ಕಳು ಮಾವ! ಏಳೂವರೆಗೆ ಬೆಲ್. ಒಬ್ಬ ಬಾಗಿಲಲ್ಲೇ ಶೂ ಬಿಚ್ತಾನೆ. ಒಬ್ಬಳಿಗೆ ಅಮ್ಮ ಬೇಕು. ಒಬ್ಬನ ನೀರಿನ ಬಾಟಲಿ ಇನ್ನೊಬ್ಬನ ತಲೆ ಮೇಲೆ. ಡೈರಿ ತೆಗೀರಿ ಅಂದ್ರೆ ಟಿಫಿನ್ ಡಬ್ಬಿ ತೆಗೀತಾರೆ. ಎಲ್ಲ ಕೂತು ಹಾಜರಿ ಮುಗಿಯುವಾಗ ಎಂಟೂಕಾಲು! ಇವತ್ತು ಪ್ರಿನ್ಸಿಪಾಲ್ ಮೇಡಂ ಕರೆದು ಹೇಳಿದ್ರು. ತಿಂಗಳ ಕೊನೆಯ ಶುಕ್ರವಾರ ಟ್ರಸ್ಟಿನ ಸೆಕ್ರೆಟರಿ ನೋಡ್ಲಿಕ್ಕೆ ಬರ್ತಾರಂತೆ. ಅಷ್ಟರೊಳಗೆ ಏಳೂಮುಕ್ಕಾಲಿಗೆ ಕ್ಲಾಸು ಪಾಠಕ್ಕೆ ರೆಡಿ ಆಗಬೇಕು. ಇಲ್ಲದಿದ್ರೆ ಆಗಸ್ಟಿನಿಂದ ಬರಬೇಡಿ ಅಂತ.”

ಏಕನಾಥರು ಅವಳ ಮುಂದೆ ಒಂದು ಲೋಟ ನೀರಿಟ್ಟರು. ಮೇಜಿನ ಮೇಲೆ ಬಿದ್ದ ಕಣ್ಣೀರನ್ನು ಬಟ್ಟೆಯಿಂದ ಒರೆಸಿದರು. ಆಮೇಲೆ ಕೇಳಿದರು.

“ನಲವತ್ತೆರಡೇ?”

“ನಲವತ್ತೆರಡು ಸಾಲದಾ ಮಾವ?”

“ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ನೂರಿಪ್ಪತ್ತು ಜನ ಒಟ್ಟಿಗೇ ನುಗ್ತಿದ್ರು. ಎಲ್ಲರೂ ಹಸಿದವರು. ಅದರಲ್ಲಿ ಅರ್ಧ ವಕೀಲರು. ಹತ್ತು ನಿಮಿಷದಲ್ಲಿ ಎಲ್ಲರ ಎದುರು ಇಡ್ಲಿ ಕೂತಿರ್ತಿತ್ತು. ಒಬ್ಬನೂ ಜೋರಾಗಿ ಮಾತಾಡಿದ್ದಿಲ್ಲ. ನಿನ್ನ ನಲವತ್ತೆರಡು ಪುಟಾಣಿಗಳು ಯಾವ ಲೆಕ್ಕ ಮಾರಾಯ್ತಿ?”

“ಅದು ಹೋಟೆಲು, ಇದು ಶಾಲೆ.”

“ಬೆಳಗು ಒಂದೇ ಅಲ್ವಾ?”

ಒಳಗಿನಿಂದ ಇಂದಿರಮ್ಮ, “ಬಡಾಯಿ ಸಾಕು! ಇವರು ಶಾಲೆ ಕಂಡದ್ದೇ ನಾಲ್ಕನೇ ಕ್ಲಾಸಿನವರೆಗೆ. ಅದೂ ಮೇಷ್ಟ್ರು ಮನೆಗೆ ಬಂದು ಹೊತ್ತುಕೊಂಡು ಹೋಗ್ತಿದ್ರಂತೆ,” ಎಂದರು.

ಏಕನಾಥರು ಮೇಜನ್ನು ಇನ್ನೊಮ್ಮೆ ಒರೆಸಿದರು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಆಡುವುದೇ ಅಪರೂಪವಾದ್ದರಿಂದ ಅದರ ಅಗತ್ಯವೂ ಬಿದ್ದಿರಲಿಲ್ಲ.

ಆ ಶಾಲೆಯಲ್ಲಿ ಅಜ್ಜ ಅಜ್ಜಿಯರು ಬಂದು ಚಿಕ್ಕ ಮಕ್ಕಳ ತರಗತಿಗೆ ನೆರವಾಗಬಹುದೆಂಬ ಒಂದು ಯೋಜನೆ ಇತ್ತು. ಹಿಂದಿನ ವರ್ಷ ಒಬ್ಬರೇ ಒಬ್ಬ ಅಜ್ಜ ಬಂದಿದ್ದರು. ಕಥೆ ಹೇಳಲು ಕೂತು ತಾವೇ ನಿದ್ದೆಹೋದರು. ಅವರನ್ನು ಎಬ್ಬಿಸಲು ಇಡೀ ತರಗತಿ ಮಗ್ಗಿ ಹೇಳಬೇಕಾಯಿತು. ಅಂದಿನಿಂದ ಯೋಜನೆ ನೋಟಿಸ್ ಬೋರ್ಡಿನಲ್ಲಿ ಮಾತ್ರ ಬದುಕಿತ್ತು. ಏಕನಾಥರು ಅದರ ಬಾಲ ಹಿಡಿದು ಶಾಲೆಯೊಳಗೆ ಬಂದರು.

ಮೊದಲ ದಿನ ಏನೂ ಮಾಡದೆ ಮೂಲೆಯಲ್ಲಿ ನಿಂತು ನೋಡಿದರು. ಬಾಗಿಲಲ್ಲಿ ಹನ್ನೊಂದು ಮಕ್ಕಳು ಒಟ್ಟಿಗೆ ಸಿಕ್ಕಿಕೊಂಡಿದ್ದವು. ಮಾನವ್ ಬಾತ್ರಾ ಎಂಬ ಗುಂಡನೆಯ ಹುಡುಗ ಬೆಂಚಿನ ಮೇಲೆ ನಿಂತು ಬ್ಯಾಟೂ ಚೆಂಡೂ ಇಲ್ಲದೆ, ಬರೀ ಸದ್ದಿನಿಂದಲೇ ಕ್ರಿಕೆಟ್ ಆಡುತ್ತಿದ್ದ. ಎರಡು ಜಡೆಯ ಗುರ್ಲೀನ್ ಅಳುತ್ತಿದ್ದಳು. ಯಾಕೆಂದು ಕೇಳಿದರೆ ಗೊತ್ತಿಲ್ಲವೆಂದು ತಲೆಯಾಡಿಸಿ “ಪತಾ ನಹೀ” ಎಂದು ಹೇಳಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

“ಗೊತ್ತಾಯ್ತು,” ಎಂದರು ಏಕನಾಥರು ಸೊಸೆಗೆ. “ನೀನು ಗಿರಾಕಿಗಳನ್ನು ಬಾಗಿಲಲ್ಲೇ ನಿಲ್ಲಿಸ್ತಿದ್ದಿ.”

“ಗಿರಾಕಿ ಅಲ್ಲ ಮಾವ, ಮಕ್ಕಳು.”

“ಅದೇ.”

ಮರುದಿನದಿಂದ ಕೆಲಸ ಆರಂಭವಾಯಿತು. ಬಂದವನು ಬಾಗಿಲಲ್ಲಿ ನಿಲ್ಲಬಾರದು, ನೇರ ತನ್ನ ಜಾಗಕ್ಕೆ ಹೋಗಬೇಕು. ಯಾರೂ ಬರಿಗೈಯಲ್ಲಿ ನಡೆಯಬಾರದು: ಟೀಚರ ಮೇಜಿಗೆ ಹೋಗುವವನು ಡೈರಿ ಒಯ್ಯಬೇಕು, ಬರುವವನು ಪಕ್ಕದವರ ಪುಸ್ತಕ ತರಬೇಕು. ಒಳಗೆ ಹೋಗುವಾಗ ಎಂಜಲು ತಟ್ಟೆ, ಹೊರಗೆ ಬರುವಾಗ ಬಿಸಿ ದೋಸೆ ಎಂದು ಮೂವತ್ತೊಂದು ವರ್ಷ ನಡೆದ ಕಾಲುಗಳಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಕೂರುವ ಮೊದಲು ಮೇಜು ಒರೆಸಬೇಕು. ಅಳುವವರಿಗೆ ಕಾರಣ ಕೇಳಬಾರದು, ಮೊದಲು ನೀರು ಕೊಡಬೇಕು. “ಕುಡೀತಾ ಕುಡೀತಾ ಅಳ್ಲಿಕ್ಕೆ ಆಗುವುದಿಲ್ಲ, ಪ್ರಯತ್ನ ಮಾಡಿ ನೋಡು,” ಎಂದರು ಸೊಸೆಗೆ. ಗುರ್ಲೀನ್ ಪ್ರಯತ್ನ ಮಾಡಿ ನೋಡಿದಳು. ಆಗಲಿಲ್ಲ. ಆಶ್ಚರ್ಯದಿಂದ ಅಳುವುದನ್ನೇ ನಿಲ್ಲಿಸಿದಳು.

ಐದು ಸಾಲು ಬೆಂಚುಗಳಿಗೆ ಇಡ್ಲಿ, ವಡೆ, ದೋಸೆ, ಪೂರಿ, ಉಪ್ಪಿಟ್ಟು ಎಂದು ಹೆಸರಿಟ್ಟರು. ಒಂದೊಂದು ಸಾಲು ಕೂತಾದ ಮೇಲೆ ಅದರ ಮುಂದಾಳು ಹೋಟೆಲಿನ ರಾಗದಲ್ಲಿ ಕೂಗಬೇಕು: “ಇಡ್ಲಿ ಎಂಟು ಪ್ಲೇಟೂ, ಒಂದು ಖಾಲೀ!” ಅಂದರೆ ಎಂಟು ಮಂದಿ ಹಾಜರು, ಒಬ್ಬ ಗೈರು. ಇಡೀ ತರಗತಿ ಅಡುಗೆಮನೆಯ ಭಟ್ಟರಂತೆ “ಬಂತೂ!” ಎಂದು ಉತ್ತರ ಕೊಡಬೇಕು. ಐದು ಕೂಗಿಗೆ ಹಾಜರಿ ಮುಗಿಯುತ್ತಿತ್ತು. ಕನ್ನಡದ ಒಂದು ಅಕ್ಷರ ಗೊತ್ತಿಲ್ಲದ ಪಂಜಾಬಿ ಮಕ್ಕಳ ಬಾಯಲ್ಲಿ ಆ “ಬಂತೂ” ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, ರಸ್ತೆಯಲ್ಲಿ ಹೋಗುವ ತರಕಾರಿ ಭಯ್ಯಾ ತನ್ನನ್ನೇ ಕರೆದರೆಂದು ಎರಡು ಸಲ ಗಾಡಿ ನಿಲ್ಲಿಸಿದ್ದ.

ಒಂದು ತೊಡಕು ಬಂತು. ಉಪ್ಪಿಟ್ಟಿನ ಸಾಲಿನಲ್ಲಿ ಕೂರಲು ಯಾರೂ ಒಪ್ಪಲಿಲ್ಲ. ಗುರ್ಲೀನಳ ತಾಯಿ ಗೇಟಿಗೆ ಬಂದು, “ನನ್ನ ಮಗಳೇನು ತಪ್ಪು ಮಾಡಿದ್ದಾಳೆ? ಅವಳನ್ನು ಯಾಕೆ ಉಪ್ಪಿಟ್ಟಿಗೆ ಹಾಕಿದ್ದೀರಿ? ಪಕ್ಕದ ಮನೆಯ ಹುಡುಗಿ ದೋಸೆಯಲ್ಲಿದ್ದಾಳೆ!” ಎಂದು ಹಿಂದಿಯಲ್ಲಿ ಜಗಳ ತೆಗೆದರು. ಏಕನಾಥರು ಕೈಮುಗಿದು, “ಬೆಹೆನ್‌ಜೀ, ದೋಸೆಗೆ ಕಾಯಬೇಕು. ಬಂದ ಕೂಡಲೇ ಸಿಗುವುದು ಉಪ್ಪಿಟ್ಟು ಒಂದೇ. ಆದ್ದರಿಂದ ಬಾಗಿಲು ನೋಡಿಕೊಳ್ಳುವ ಅಧಿಕಾರ ಉಪ್ಪಿಟ್ಟಿಗೆ,” ಎಂದರು. ಅಧಿಕಾರ ಎಂದ ಕೂಡಲೇ ತಾಯಿಯ ಮುಖ ಅರಳಿತು. ಮರುದಿನ ಎಂಟು ಮಕ್ಕಳು ಉಪ್ಪಿಟ್ಟಿಗೆ ವರ್ಗಾವಣೆ ಕೇಳಿದರು.

ಹತ್ತನೆಯ ದಿನ ಏಳು ನಲವತ್ತಮೂರಕ್ಕೆ ಪ್ರಿನ್ಸಿಪಾಲ್ ಸಬರ್‌ವಾಲ್ ಮೇಡಂ ಆ ದಾರಿಯಾಗಿ ಬಂದರು. ಒಂದನೇ ‘ಸಿ’ಯಿಂದ ಸದ್ದೇ ಇಲ್ಲ. ಮಕ್ಕಳಿಗೆ ಏನೋ ಆಗಿದೆಯೆಂದು ಗಾಬರಿಯಿಂದ ಒಳನುಗ್ಗಿದರು. ನಲವತ್ತೆರಡು ಮಕ್ಕಳು ಪುಸ್ತಕ ಬಿಚ್ಚಿ ಕೂತಿದ್ದವು.

“ಸ್ನೇಹಲತಾ! ಇದು… ಇದು ಯಾವ ಮೆಥಡ್?”

ಸ್ನೇಹಲತಾ ಹೆದರಿಬಿಟ್ಟಳು. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಪೂರ್ತಿ ನಿಜ ಹೇಳಲು ಧೈರ್ಯವಿರಲಿಲ್ಲ. “ಮೇಡಂ, ಇದು… ಉಡುಪಿ ಕಡೆಯದ್ದು,” ಎಂದಳು.

ಸಬರ್‌ವಾಲ್ ಮೇಡಂಗೆ ಉಡುಪಿ ಎಂದರೆ ಏನೆಂದು ಗೊತ್ತಿರಲಿಲ್ಲ. ದಿಲ್ಲಿಯಲ್ಲಿ ಬಹಳ ಜನಕ್ಕೆ ದೋಸೆ ತಿನ್ನುವಲ್ಲೆಲ್ಲ ಮದರಾಸೇ. ಆದರೆ ಗೊತ್ತಿಲ್ಲ ಎಂದು ಹೇಳುವ ಪದ್ಧತಿ ಮೇಡಂ ಅವರ ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಇರಲಿಲ್ಲ.

“ಆಫ್ ಕೋರ್ಸ್! ಉಡುಪಿ ಮೆಥಡ್! ನಾನು ಓದಿದ್ದೇನೆ. ಮಾಂಟೆಸರಿಗಿಂತ ಹಳೆಯದು, ಅಲ್ಲವೆ? ಮತ್ತೆ ಆ ಹಿರಿಯರು ಯಾರು?”

“ನನ್ನ ಮಾವ. ಮೂವತ್ತೊಂದು ವರ್ಷ ಇದನ್ನೇ ಮಾಡಿದ್ದಾರೆ.”

“ಮೂವತ್ತೊಂದು ವರ್ಷ! ಉಡುಪಿ ಮೆಥಡ್‌ನಲ್ಲಿ!”

“ಹೌದು ಮೇಡಂ.”

ನೋಡಿ, ಇದರಲ್ಲಿ ಒಂದೇ ಒಂದು ಮಾತು ಸುಳ್ಳಲ್ಲ. ಊರು ಸುಡುವಂಥ ಬೆಂಕಿ ಹತ್ತಲು ಸುಳ್ಳೇ ಬೇಕೆಂದೇನಿಲ್ಲ.

ಮಧ್ಯಾಹ್ನದೊಳಗೆ ಸ್ಟಾಫ್ ರೂಮಿನಲ್ಲಿ ಸಭೆ. “ಇಡೀ ದೇಶ ಉಡುಪಿ ಮೆಥಡ್ ಕಡೆಗೆ ಹೊರಟಿದೆ, ನಾವಿನ್ನೂ ಬೆತ್ತ ಹಿಡಿದು ಕೂತಿದ್ದೇವೆ,” ಎಂದರು ಮೇಡಂ. ಅಲ್ಲಿದ್ದ ಹದಿನೆಂಟು ಟೀಚರುಗಳೂ ತಲೆಯಾಡಿಸಿದರು. ಹಿಂದಿ ಟೀಚರು ತಾವು ಬಿ.ಎಡ್.ನಲ್ಲಿ ಇದರ ಮೇಲೆ ಪ್ರಬಂಧ ಬರೆದಿದ್ದಾಗಿ ಹೇಳಿದರು. ಲೆಕ್ಕದ ಟೀಚರು ಆ ಪುಸ್ತಕ ತಮ್ಮ ಮನೆಯಲ್ಲಿತ್ತು, ನಾದಿನಿ ಒಯ್ದು ಹಿಂದಕ್ಕೆ ಕೊಡಲಿಲ್ಲ ಎಂದರು.

ಮೂರು ದಿನ ಕಳೆದು ಮಾನವನ ತಂದೆ ಬಾತ್ರಾ ಸಾಹೇಬರು ಬಂದರು. ಜನಕಪುರಿಯಲ್ಲಿ ಮನೆ ಕೊಡಿಸುವ ದಲ್ಲಾಳಿ, ಆರಡಿ ಆಳು. ಬಂದವರು ಪ್ರಿನ್ಸಿಪಾಲರ ಮೇಜನ್ನು ಗುದ್ದಿದರು.

“ಮೇಡಂ! ನನ್ನ ಮಗನಿಗೆ ಏನು ಮಾಡಿದ್ದೀರಿ?”

“ಯಾಕೆ, ಏನಾಯ್ತು?”

“ಕಾಲ್ಚೀಲ ತಾನಾಗಿ ಎತ್ತದ ಹುಡುಗ ಅವನು! ನಿನ್ನೆ ನಾನು ಊಟಕ್ಕೆ ಕೂತರೆ ಮೇಜು ಒರೆಸಿದ! ನಾಲ್ಕು ಲೋಟ ನೀರು ತಂದ, ಒಂದೇ ಕೈಯಲ್ಲಿ! ಲೋಟದೊಳಗೆ ಬೆರಳು ಅದ್ದಿಕೊಂಡು! ಆಮೇಲೆ ಎದುರು ನಿಂತು ಯಾವುದೋ ಮಂತ್ರ ಹೇಳಿದ. ನಿಲ್ಲಿಸದೆ, ಉಸಿರು ತೆಗೆದುಕೊಳ್ಳದೆ! ನನ್ನ ತಾಯಿ ಎದ್ದು ಕೈಮುಗಿದರು!”

ಮಂತ್ರ ಏನೆಂದರೆ: “ಇಡ್ಲಿ ವಡೆ ಸಾದಾ ಮಸಾಲೆ ರವೆ ಈರುಳ್ಳಿ ಪೂರಿ ಉಪ್ಪಿಟ್ಟು ಶಿರಾ, ಏನು ಕೊಡಲಿ?” ಅಜ್ಜ ಹೋಟೆಲಿನಲ್ಲಿ ಏನು ಹೇಳುತ್ತಿದ್ದರು ಎಂದು ಮಕ್ಕಳು ಕೇಳಿದಾಗ ಏಕನಾಥರು ಒಮ್ಮೆ ಹೇಳಿ ತೋರಿಸಿದ್ದರು. ಒಮ್ಮೆ ಸಾಕಾಯಿತು. ನಾಲ್ಕು ಲೋಟ ಹಿಡಿಯುವುದನ್ನು ಅವರು ಕಲಿಸಿಯೇ ಇರಲಿಲ್ಲ. ಅಳುವ ಮಕ್ಕಳಿಗೆ ನೀರು ಒಯ್ಯುವಾಗ ಅವರ ಕೈ ತಾನಾಗಿ ಹಾಗೆ ಹಿಡಿಯುತ್ತಿತ್ತು, ಮಕ್ಕಳು ನೋಡಿಕೊಂಡಿದ್ದವು.

ಮೇಡಂ ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಬಾತ್ರಾ ಸಾಹೇಬರು, “ನನ್ನ ದೊಡ್ಡ ಮಗನಿದ್ದಾನೆ, ಒಂಬತ್ತನೇ ಕ್ಲಾಸು, ರೋಹಿಣಿಯ ಶಾಲೆಯಲ್ಲಿ. ಅವನನ್ನೂ ಈ ಮೆಥಡ್‌ಗೆ ಹಾಕಿಕೊಳ್ಳಿ! ಇವತ್ತೇ!” ಎಂದು ಮತ್ತೆ ಮೇಜು ಗುದ್ದಿದರು.

ಮರುದಿನ ಶಾಲೆಯ ಗೇಟಿಗೆ ಬ್ಯಾನರ್ ಬಿತ್ತು: ‘ಪಶ್ಚಿಮ ದಿಲ್ಲಿಯ ಪ್ರಪ್ರಥಮ ಉಡುಪಿ ಮೆಥಡ್ ಶಾಲೆ. ಮಾರ್ಗದರ್ಶನ: ಡಾ. ಏಕನಾಥ್ ಜೀ, ಸೌತ್ ಇಂಡಿಯಾ.’

ಸ್ನೇಹಲತಾ ಅದನ್ನು ನೋಡಿ ಅಲ್ಲೇ ಗೇಟಿನ ಕಂಬ ಹಿಡಿದುಕೊಂಡಳು. ಮನೆಗೆ ಬಂದು, “ಮಾವ, ನಾಳೆಯೇ ಹೋಗಿ ನಿಜ ಹೇಳಿಬಿಡೋಣ,” ಎಂದಳು.

“ಹೇಳಿದರೆ?”

“ಪ್ರಿನ್ಸಿಪಾಲರ ಮರ್ಯಾದೆ ಹೋಗ್ತದೆ. ಅದಕ್ಕಿಂತ ಮೊದಲು ನನ್ನ ಕೆಲಸ ಹೋಗ್ತದೆ.”

“ಹೇಳದಿದ್ದರೆ?”

“ಶುಕ್ರವಾರ ಸೆಕ್ರೆಟರಿಯೇ ಕಂಡುಹಿಡೀತಾರೆ. ಕೆಲಸ ಆಗ ಹೋಗ್ತದೆ.”

“ಹಾಗಾದ್ರೆ ಇನ್ನೂ ಐದು ದಿನ ಉಂಟು,” ಎಂದರು ಏಕನಾಥರು ನೆಮ್ಮದಿಯಿಂದ.

ನಿಜ ಹೇಳಬೇಕೆಂದರೆ ಅವರಿಗೆ ಆ ಬ್ಯಾನರ್ ಸ್ವಲ್ಪ ಹಿತವಾಗಿಯೇ ಇತ್ತು. ಸಂಜೆ ತರಕಾರಿ ತರುವ ನೆಪದಲ್ಲಿ ಎರಡು ಸಲ ಆ ದಾರಿಯಾಗಿ ಹೋಗಿಬಂದರು. ಶ್ರವಣನ ಮದುವೆಗೆ ಹೊಲಿಸಿದ್ದ ಸಫಾರಿ ಸೂಟನ್ನು ಪೆಟ್ಟಿಗೆಯಿಂದ ತೆಗೆದರು. ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡರು.

“ಎರಡು ಯಾಕೆ?” ಎಂದರು ಇಂದಿರಮ್ಮ. “ಸಹಿ ಒಂದರಲ್ಲಿ, ಹೆಬ್ಬೆಟ್ಟು ಇನ್ನೊಂದರಲ್ಲಾ?”

“ನೀನು ಸುಮ್ಮನಿರು. ಡಾಕ್ಟರಿಗೆ ಒಂದು ಪೆನ್ನು ಸಾಲುವುದಿಲ್ಲ.”

“ಡಾಕ್ಟರಂತೆ! ಸೊಸೆಯ ಅನ್ನಕ್ಕೆ ಕಲ್ಲು ಹಾಕ್ಲಿಕ್ಕೆ ಹೊರಟ ಡಾಕ್ಟರು!”

ಆ ಮಾತು ಏಕನಾಥರಿಗೆ ತಾಕಿತು. ತಾಕಿದ್ದರಿಂದ ಯೋಚನೆ ಮಾಡಿದರು. ಯೋಚನೆ ಅವರ ಕಸುಬಲ್ಲ. ಅದರ ಫಲವಾಗಿ ಗುರುವಾರ ಬೆಳಿಗ್ಗೆ, ಅಂದರೆ ತಪಾಸಣೆಗೆ ಇಪ್ಪತ್ತನಾಲ್ಕು ಗಂಟೆ ಇರುವಾಗ, ಒಂದನೇ ‘ಸಿ’ಯ ವಾಸನೆಯನ್ನೇ ಬದಲಾಯಿಸಿಬಿಟ್ಟರು. ಹೋಟೆಲಿನ ಗಂಧ ಉಳಿಯಬಾರದು! ಇಡ್ಲಿ ಇನ್ನು ಮುಂದೆ ರೋಸ್. ವಡೆ ಲೋಟಸ್. ದೋಸೆ ಲಿಲ್ಲಿ, ಪೂರಿ ಜಾಸ್ಮಿನ್, ಉಪ್ಪಿಟ್ಟು ಸನ್‌ಫ್ಲವರ್. “ಬಂತೂ” ಎನ್ನಬಾರದು, “ಪ್ರೆಸೆಂಟ್ ಸರ್” ಎನ್ನಬೇಕು. ಮಂತ್ರವಂತೂ ಬಾಯಿಗೇ ಬರಬಾರದು.

“ಅಜ್ಜ, ನಾನು ಲಿಲ್ಲಿನಾ?” ಎಂದ ಮಾನವ್ ಕಳವಳದಿಂದ. “ನಾನು ದೋಸೆ ಆಗಿದ್ದೆ. ಲಿಲ್ಲಿ ಕೈಸೇ ಬನ್ ಗಯಾ?”

“ಒಂದು ದಿನಕ್ಕೆ ಮಾತ್ರ ಮಗಾ.”

“ಆಮೇಲೆ ಮತ್ತೆ ದೋಸೆ?”

“ಆಮೇಲೆ ಮತ್ತೆ ದೋಸೆ.”

ಶುಕ್ರವಾರ ಬಂತು. ಟ್ರಸ್ಟಿನ ಸೆಕ್ರೆಟರಿ ತ್ಯಾಗಿ ಸಾಹೇಬರು ರೈಲ್ವೆಯಲ್ಲಿ ಮೂವತ್ತಾರು ವರ್ಷ ಗಾಡಿಗಳ ವೇಳೆ ನೋಡಿ ನಿವೃತ್ತರಾದವರು. ಕೊರಳಲ್ಲಿ ಸ್ಟಾಪ್‌ವಾಚು. ಅವರ ಮನೆಯಲ್ಲಿ ಹಾಲು ಉಕ್ಕುವುದಕ್ಕೂ ವೇಳೆ ಗೊತ್ತುಮಾಡಿದ್ದರಂತೆ. ಏಳು ಇಪ್ಪತ್ತೆಂಟಕ್ಕೆ ಬಂದು ಒಂದನೇ ‘ಸಿ’ಯ ಬಾಗಿಲ ಹೊರಗೆ ನಿಂತರು. ಏಳೂವರೆಗೆ ಬೆಲ್ ಹೊಡೆಯಿತು. ಸ್ಟಾಪ್‌ವಾಚು ಟಕ್ ಎಂದಿತು.

ಮಕ್ಕಳು ಬಂದವು. ಮೊದಲ ಹುಡುಗ ಬಾಗಿಲಲ್ಲಿ ನಿಂತುಬಿಟ್ಟ. ಅವನು ವಡೆ. ವಡೆಯ ಜಾಗ ಗೊತ್ತು. ಆದರೆ ಇವತ್ತು ತಾನು ವಡೆಯಲ್ಲ ಎಂಬುದು ಮಾತ್ರ ನೆನಪಿತ್ತು, ಏನು ಎಂಬುದು ಮರೆತಿತ್ತು. ಹಿಂದಿನವನು ಅವನಿಗೆ ಡಿಕ್ಕಿ ಹೊಡೆದ. ಅವನ ಹಿಂದೆ ಇನ್ನೊಬ್ಬಳು. ಬಾಗಿಲು ಕಾಯುವ ಗುರ್ಲೀನ್, “ರೋಸ್ ಇಧರ್! ನಹೀ, ಲೋಟಸ್ ಇಧರ್! ನಹೀ!” ಎಂದು ಎರಡೂ ಕೈ ಎರಡು ಕಡೆ ತೋರಿಸುತ್ತಿದ್ದಳು. ರೋಸಿನವರು ಲಿಲ್ಲಿಯ ಮಡಿಲಲ್ಲಿ ಕೂತರು. ಜಾಸ್ಮಿನ್ ಒಂದೇ ಬೆಂಚಿನಲ್ಲಿ ಹನ್ನೊಂದು ಆಯಿತು. ಯಾರದೋ ಬಾಟಲಿ ಯಾರದೋ ತಲೆಯ ಮೇಲೆ ಬಿತ್ತು. ಗುರ್ಲೀನ್ ಇಷ್ಟು ದಿನಗಳಿಂದ ಕೂಡಿಟ್ಟಿದ್ದ ಅಳುವನ್ನೆಲ್ಲ ಒಟ್ಟಿಗೆ ತೆರೆದಳು.

“ಏಳು ಮೂವತ್ತೇಳು,” ಎಂದರು ತ್ಯಾಗಿ ಸಾಹೇಬರು.

ಸಬರ್‌ವಾಲ್ ಮೇಡಂ ನಗುತ್ತ, “ಸರ್, ಇದು ಉಡುಪಿ ಮೆಥಡ್‌ನ ಮೊದಲ ಹಂತ. ಮಗುವಿನ ಒಳಗಿನ ಗೊಂದಲ ಮೊದಲು ಹೊರಗೆ ಬರಬೇಕು,” ಎಂದರು.

“ಇನ್ನೂ ಎಷ್ಟು ಬರಬೇಕು?” ಎಂದರು ತ್ಯಾಗಿ ಸಾಹೇಬರು.

“ಏಳು ಮೂವತ್ತೆಂಟು,” ಎಂದು ಅವರೇ ಹೇಳಿಕೊಂಡರು.

ಏಕನಾಥರು ಸೊಸೆಯ ಮುಖ ನೋಡಿದರು. ಅವಳು ಕಪ್ಪುಹಲಗೆಗೆ ಬೆನ್ನು ಆನಿಸಿ ನಿಂತಿದ್ದಳು. ಸೀಮೆಸುಣ್ಣಕ್ಕೂ ಮುಖಕ್ಕೂ ಬಣ್ಣದಲ್ಲಿ ವ್ಯತ್ಯಾಸವಿರಲಿಲ್ಲ. ಆಗ ಆ ಸಫಾರಿ ಸೂಟಿನೊಳಗೆ ಮೂವತ್ತೊಂದು ವರ್ಷದ ಭಾನುವಾರಗಳೆಲ್ಲ ಒಟ್ಟಿಗೆ ಎದ್ದು ನಿಂತವು. ಮೇಜಿನ ಮೇಲಿದ್ದ ಬಟ್ಟೆ ಎತ್ತಿ ಹೆಗಲಿಗೆ ಹಾಕಿದರು. ಬಾಯಿ ತೆರೆದರು. ಬಂದದ್ದು ಹೊಟ್ಟೆಯ ಬುಡದಿಂದ.

“ಇಡ್ಲೀ…!”

ಮಕ್ಕಳೆಲ್ಲ ತಿರುಗಿ ನೋಡಿದವು.

“ವಡೇ…! ದೋಸೇ…! ಪೂರೀ…! ಉಪ್ಪಿಟ್ಟೂ…!”

ಅಷ್ಟೇ ಸಾಕಾಯಿತು. ನಲವತ್ತು ಮಕ್ಕಳ ಮುಖದಲ್ಲೂ ಒಂದೇ ಸಲ ದೀಪ ಹತ್ತಿತು. ಲಿಲ್ಲಿಯ ಮಡಿಲಿನಿಂದ ಇಡ್ಲಿಗಳು ಜಾರಿ ತಮ್ಮ ಬೆಂಚಿಗೆ ಓಡಿದವು. ವಡೆ ವಡೆಯ ಕಡೆಗೆ ಹೋಯಿತು. ಡೈರಿಗಳು ಮುಂದೆ ಹೋದವು, ಪುಸ್ತಕಗಳು ಹಿಂದೆ ಬಂದವು, ಒಂದು ಕೈಯೂ ಖಾಲಿ ಬೀಸಲಿಲ್ಲ. ಮೇಜುಗಳು ಮಿಂಚಿದವು. ಗುರ್ಲೀನ್ ತಾನೇ ನೀರು ತೆಗೆದುಕೊಂಡು ಕುಡಿದು, ಮೂಗು ಒರೆಸಿಕೊಂಡು ಬಾಗಿಲಿಗೆ ಹೋಗಿ ನಿಂತಳು.

“ಇಡ್ಲಿ ಒಂಬತ್ತು ಪ್ಲೇಟೂ!”

“ಬಂತೂ!”

“ವಡೆ ಎಂಟು ಪ್ಲೇಟೂ!”

“ಬಂತೂ!”

“ದೋಸೆ ಏಳು ಪ್ಲೇಟೂ, ಒಂದು ಖಾಲೀ!” ಎಂದು ಮಾನವ್ ಎಷ್ಟು ಆನಂದದಿಂದ ಕೂಗಿದನೆಂದರೆ ಕಿಟಕಿಯ ಗಾಜು ಝಣ ಎಂದಿತು. ಅವನು ಮತ್ತೆ ದೋಸೆಯಾಗಿದ್ದ.

“ಪೂರಿ ಎಂಟು ಪ್ಲೇಟೂ!”

“ಬಂತೂ!”

“ಉಪ್ಪಿಟ್ಟು ಎಂಟು ಪ್ಲೇಟೂ, ಒಂದು ಖಾಲೀ!”

“ಬಂತೂ!”

ಕೊನೆಯ ಕೂಗಿನ ಹೊತ್ತಿಗೆ ಏಳು ನಲವತ್ತೊಂದು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಗುರ್ಲೀನ್ ತನ್ನ ಅಧಿಕಾರದ ಮಿತಿಯೊಳಗೆ ಒಬ್ಬ ಮನುಷ್ಯ ಬಾಗಿಲಲ್ಲಿ ನಿಂತಿರುವುದನ್ನು ಕಂಡಳು. ತ್ಯಾಗಿ ಸಾಹೇಬರ ಬೆರಳು ಹಿಡಿದು ಎಳೆದು, ಉಪ್ಪಿಟ್ಟಿನ ಬೆಂಚಿನ ತುದಿಯಲ್ಲಿ ಕೂರಿಸಿದಳು. ಅವರ ಮೊಣಕಾಲು ಗಲ್ಲಕ್ಕೆ ಬಂತು. ಒಬ್ಬ ಅವರ ಮುಂದೆ ಮೇಜು ಒರೆಸಿದ. ಮಾನವ್ ನಾಲ್ಕು ಸ್ಟೀಲ್ ಲೋಟ ಒಂದೇ ಕೈಯಲ್ಲಿ, ಬೆರಳು ಅದ್ದಿಕೊಂಡು, ತಂದು ಟಣ್ಣನೆ ಇಟ್ಟ. ಆಮೇಲೆ ಎದೆ ಉಬ್ಬಿಸಿ ಉಸಿರು ಬಿಡದೆ ಶುರುಮಾಡಿದ.

“ಇಡ್ಲಿವಡೆಸಾದಾಮಸಾಲೆರವೆಈರುಳ್ಳಿಪೂರಿಉಪ್ಪಿಟ್ಟುಶಿರಾ, ಏನು ಕೊಡಲಿ?”

ತ್ಯಾಗಿ ಸಾಹೇಬರು ಲೋಟಗಳನ್ನು ನೋಡಿದರು, ಮಾನವನನ್ನು ನೋಡಿದರು.

“ಸರ್, ಇದು ಸೌತ್ ಇಂಡಿಯಾದ ಪ್ರಾಚೀನ ಪ್ರಾರ್ಥನೆ,” ಎಂದರು ಸಬರ್‌ವಾಲ್ ಮೇಡಂ, ಸಣ್ಣ ದನಿಯಲ್ಲಿ.

“ಮೇಡಂ,” ಎಂದರು ತ್ಯಾಗಿ ಸಾಹೇಬರು, “ನಾನು ರೈಲ್ವೆಯವನು. ಸೌತಿನ ಸ್ಟೇಷನ್ನುಗಳಲ್ಲಿ ಈ ಪ್ರಾರ್ಥನೆಯನ್ನು ಬಹಳ ಸಲ ತಿಂದಿದ್ದೇನೆ.” ಎದ್ದು ನಿಲ್ಲಲು ಹೋದರು. ಬೆಂಚು ಬಿಡಲಿಲ್ಲ. ಕೂತಲ್ಲಿಂದಲೇ, “ಡಾಕ್ಟರ್ ಸಾಹೇಬ್, ಇಲ್ಲಿ ಬನ್ನಿ. ನೀವು ಎಲ್ಲಿ ಓದಿದ್ದು?” ಎಂದು ಕೇಳಿದರು.

ಏಕನಾಥರು ಮುಂದೆ ಬಂದರು. ಜೇಬಿನ ಎರಡೂ ಪೆನ್ನು ತೆಗೆದು ಮೇಜಿನ ಮೇಲಿಟ್ಟರು.

“ಸಾಬ್, ನಾನು ಓದಿದ್ದು ನಾಲ್ಕನೇ ಕ್ಲಾಸು. ಅದೂ ಪೂರ್ತಿ ಅಲ್ಲ. ನಾನು ಹೋಟೆಲಿನವನು. ಮೇಜು ಒರೆಸಿದ್ದು, ನೀರು ಕೊಟ್ಟದ್ದು, ಅಷ್ಟೇ ಬರುವುದು. ಇದು ಹೋಟೆಲಿನ ಬೆಳಗು, ಬೇರೇನೂ ಅಲ್ಲ. ಸೊಸೆ ಬೇಡ ಅಂದಿದ್ದಳು, ನಾನೇ ಬಡಾಯಿ ಕೊಚ್ಚಿಕೊಂಡು ಬಂದೆ. ಮಕ್ಕಳಿಗೆ ಹೆಸರು ಬದಲಾಯಿಸಿ ನಿಮ್ಮ ಎಂಟು ನಿಮಿಷ ಹಾಳುಮಾಡಿದ್ದೂ ನಾನೇ. ಕಳಿಸುವುದಾದರೆ ನನ್ನನ್ನು ಕಳಿಸಿ. ಅವಳನ್ನು ಬೇಡ.”

ತ್ಯಾಗಿ ಸಾಹೇಬರು ಸ್ಟಾಪ್‌ವಾಚು ನೋಡಿದರು. ಮತ್ತೊಮ್ಮೆ ನೋಡಿದರು.

“ಏಳು ಮೂವತ್ತೆಂಟಕ್ಕೆ ನೀವು ಕೂಗಿದ್ದು. ಏಳು ನಲವತ್ತೊಂದಕ್ಕೆ ಎಲ್ಲ ಮುಗಿದಿದೆ. ಮೂರು ನಿಮಿಷ! ನಮ್ಮ ಟ್ರಸ್ಟಿಗೆ ಹನ್ನೊಂದು ಶಾಲೆ. ಎಲ್ಲ ಕಡೆ ಪಿ.ಎಚ್‌ಡಿ.ಯವರನ್ನು ಕರೆಸಿ ಭಾಷಣ ಮಾಡಿಸಿದ್ದೇವೆ. ಒಂದು ಕಡೆಯೂ ಎಂಟಕ್ಕೆ ಮೊದಲು ಗಾಡಿ ಬಿಟ್ಟದ್ದಿಲ್ಲ.” ಬೆರಳು ಅದ್ದದ ಲೋಟ ಯಾವುದೆಂದು ಹುಡುಕಿದರು, ಸಿಗಲಿಲ್ಲ. ಮಾನವ್ ನೋಡುತ್ತಿದ್ದ. ಕಣ್ಣುಮುಚ್ಚಿ ಒಂದನ್ನು ಕುಡಿದುಬಿಟ್ಟರು. ತಪಾಸಣೆಯ ಪುಸ್ತಕ ತರಿಸಿ ಬರೆದರು: ‘ಒಂದನೇ ಸಿ. ನಾಲ್ಕು ನಿಮಿಷ ಮುಂಚಿತವಾಗಿ ಹೊರಟಿದೆ. ಶಿಕ್ಷಕಿಯನ್ನು ಕಾಯಂ ಮಾಡಿ.’

ಸ್ನೇಹಲತಾ ಅತ್ತಳು. ಗುರ್ಲೀನ್ ಕೂಡಲೇ ನೀರು ತಂದಳು.

ಬೆಂಚಿನಿಂದ ತ್ಯಾಗಿ ಸಾಹೇಬರನ್ನು ಬಿಡಿಸಲು ಪ್ಯೂನ್ ಮತ್ತು ಇಡೀ ವಡೆಯ ಸಾಲು ಬೇಕಾಯಿತು. ಹೊರಡುವಾಗ ಅವರು ಆಜ್ಞೆ ಮಾಡಿದರು: ಹನ್ನೊಂದು ಶಾಲೆಗಳಲ್ಲೂ ಉಡುಪಿ ಮೆಥಡ್ ಜಾರಿಯಾಗಬೇಕು. ಆದರೆ ಟ್ರಸ್ಟಿನ ನಿಯಮದಂತೆ ತರಬೇತಿ ಪಡೆಯದವರು ಯಾರೂ ತರಗತಿಯೊಳಗೆ ಕಾಲಿಡುವಂತಿಲ್ಲ. ತರಬೇತಿ ಕೊಡುವವರು ಬಿ.ಎಡ್. ಆಗಿರಲೇಬೇಕು.

ಹಾಗಾಗಿ ಆಗಸ್ಟಿನ ನಾಲ್ಕು ಶನಿವಾರ ಉಡುಪಿ ಮೆಥಡ್ ತರಬೇತಿ ನಡೆಯಿತು. ತರಬೇತಿ ಕೊಟ್ಟವರು ಸಬರ್‌ವಾಲ್ ಮೇಡಂ. ಮುಂದಿನ ಬೆಂಚಿನಲ್ಲಿ, ಹನ್ನೊಂದು ಶಾಲೆಗಳ ಟೀಚರುಗಳ ಮಧ್ಯೆ, ಹೊಸ ನೋಟ್‌ಬುಕ್ ಹಿಡಿದು ಏಕನಾಥರು ಕೂತರು. ಇಲ್ಲದಿದ್ದರೆ ಒಂದನೇ ‘ಸಿ’ಗೆ ಅವರಿಗೆ ಪ್ರವೇಶವಿರಲಿಲ್ಲ. ಮೇಡಂ ಹಲಗೆಯ ಮೇಲೆ ಚಿತ್ರ ಬರೆದು, ಮೇಜು ಒರೆಸುವುದರ ಐದು ಹಂತಗಳನ್ನು ವಿವರಿಸಿದರು. ಏಕನಾಥರು ನಾಲ್ಕನ್ನು ಮಾತ್ರ ಬಲ್ಲವರಾಗಿದ್ದರಿಂದ ಐದನೆಯದನ್ನು ಬಹಳ ಆಸಕ್ತಿಯಿಂದ ಬರೆದುಕೊಂಡರು.

ಕೊನೆಯ ಶನಿವಾರ ಪರೀಕ್ಷೆ. ಅವರು ಮೇಜು ಒರೆಸಿ ತೋರಿಸಿದರು. ಮೇಡಂ ತಲೆಯಾಡಿಸಿ, “ನಹೀ ನಹೀ ಏಕನಾಥ್ ಜೀ, ಉಡುಪಿ ಮೆಥಡ್‌ನಲ್ಲಿ ಹಾಗೆ ಒರೆಸುವುದಿಲ್ಲ,” ಎಂದು ಬಟ್ಟೆ ಕಿತ್ತುಕೊಂಡು ತಾವೇ ತೋರಿಸಿಕೊಟ್ಟರು. ಮೂಲೆಗಳೆಲ್ಲ ಹಾಗೆಯೇ ಉಳಿದವು.

ಅಂದು ಮಧ್ಯಾಹ್ನ ಏಕನಾಥರು ಮಂಡಿನೋವು ಮರೆತು ಎರಡೆರಡು ಮೆಟ್ಟಿಲು ಹಾರಿಕೊಂಡು ಮನೆಗೆ ಬಂದರು. ಕೈಯಲ್ಲಿ ಚಿನ್ನದ ಬಣ್ಣದ ಅಂಚಿನ ಕಾಗದ.

“ಪಾಸಾದೆ!” ಎಂದು ಬಾಗಿಲಿಂದಲೇ ಕೂಗಿದರು.

ಇಂದಿರಮ್ಮ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. “ಸಿ ಗ್ರೇಡ್ ಅಂತ ಉಂಟಲ್ಲ?”

“ಉಂಟು,” ಎಂದರು ಏಕನಾಥರು, ಏದುಸಿರು ಬಿಡುತ್ತ, ಕಣ್ಣರಳಿಸಿ. “ಆದ್ರೆ ಮೇಡಂ ಹೇಳಿದ್ರು, ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯುವವರಿಗೆ ಇದೇ ಹೆಚ್ಚಂತೆ!”